99.26ಕ್ಕೆ ನಿಂತ ಮುಳ್ಳು

ತೊಂಬತ್ತೊಂಬತ್ತು ಡಾಲರ್ ಇಪ್ಪತ್ತಾರು ಸೆಂಟ್. ಕಾಫಿ ಲೋಟ ಕೈಯಲ್ಲಿ ಹಿಡಿದು, ಯೂಟ್ಯೂಬ್ ಜಾಹೀರಾತಿನ ದುಡ್ಡು ಜಮೆಯಾಗುವ ಖಾತೆ ಆ್ಯಡ್‌ಸೆನ್ಸ್ ತೆಗೆದರೆ ಕಂಡದ್ದು ಇದು. ನೂರು ತುಂಬದೆ ದುಡ್ಡು ಬ್ಯಾಂಕಿಗೆ ಹೊರಡುವುದಿಲ್ಲ, ನಿಮಗೆ ಗೊತ್ತೇ ಇದೆ. ಕಡಿಮೆ ಬಿದ್ದದ್ದು 74 ಸೆಂಟ್, ನಮ್ಮ ಲೆಕ್ಕದಲ್ಲಿ 65 ರೂಪಾಯಿ, ಒಂದು ಮಸಾಲೆ ದೋಸೆ. ಅಷ್ಟಕ್ಕೆ ಇಡೀ ಆಗಸ್ಟ್ ತಿಂಗಳ ಸಂಪಾದನೆ ಮುಂದಿನ ತಿಂಗಳಿಗೆ ಜಾರಿತು. ಜೊತೆಗೆ ನಾನು ಕಣ್ಣಿಟ್ಟಿದ್ದ ಹಳೆ ಆಸಿಲೊಸ್ಕೋಪೂ (ವಿದ್ಯುತ್ ಅಲೆಯನ್ನು ಪರದೆ ಮೇಲೆ ತೋರಿಸುವ ಯಂತ್ರ) ಜಾರಿತು. ಅದರ ಗೋಳು ಆಮೇಲೆ.

ನನ್ನ ವಾಲ್ವ್ ರೇಡಿಯೊ ರಿಪೇರಿಯ ಯೂಟ್ಯೂಬ್ ಚಾನೆಲ್ ಹೇಗೆ ಶುರುವಾಯಿತು, ಜಾಹೀರಾತಿನ ಪಾಲು ಸಿಗಲು ಬೇಕಾದ ಸಾವಿರ ಚಂದಾದಾರರು, ನಾಲ್ಕು ಸಾವಿರ ಗಂಟೆ ವೀಕ್ಷಣೆ ಹೇಗೆ ದಾಟಿದೆ ಎಂಬ ಪುರಾಣವೆಲ್ಲ ಇಲ್ಲಿ ಬೇಡ. ಇದನ್ನು ಓದುವ ನೀವೂ ಆ ಹೊಸ್ತಿಲು ದಾಟಿ ಬಂದವರೇ. ವಿಷಯ ನನ್ನ ಲೆಕ್ಕದ ಹಾಳೆಯದು. ತಿಂಗಳ ಮೊದಲ ವಾರದಲ್ಲೇ ಕೊನೆಗೆ ಎಷ್ಟು ಕೈಗೆ ಬರುತ್ತದೆ ಎಂದು ಹೇಳಬೇಕು, ಅದರ ಮೇಲೆ ಬಿಡಿಭಾಗ ತರಿಸಬೇಕು, ಇದು ಹಾಳೆಯ ಉದ್ದೇಶ. ಇಂಥ ಹಾಳೆ ಈವರೆಗೆ ಮೂರು ಆಗಿವೆ. ಒಂದನೆಯ ಹಾಳೆ ಬರೀ ಊಹೆ. ಎರಡನೆಯದು ಆತ್ಮವಿಶ್ವಾಸ ಬೆರೆಸಿದ ಊಹೆ.

ಎರಡನೆಯದರ ಜಾಣತನ ಇಷ್ಟೇ. ಜುಲೈನಲ್ಲಿ ಒಟ್ಟು 1,70,000 ವೀಕ್ಷಣೆ, 9,340 ರೂಪಾಯಿ. ಅಂದರೆ ಸಾವಿರ ವೀಕ್ಷಣೆಗೆ ಕೈಗೆ ಬರುವ ದುಡ್ಡು 55 ರೂಪಾಯಿ, ಇದೇ ಆರ್‌ಪಿಎಂ. ಆ 55ರಿಂದ ಆಗಸ್ಟ್ ವೀಕ್ಷಣೆಯನ್ನು ಗುಣಿಸು, ಮುಗಿಯಿತು. ಆಗಸ್ಟ್‌ನಲ್ಲಿ ನಾನು ಹಾಕಿದ 38 ಸೆಕೆಂಡಿನ ಒಂದು ಶಾರ್ಟ್, ಹಳೆ ರೇಡಿಯೊದಲ್ಲಿ ಸ್ಟೇಷನ್ ಸರಿಯಾಗಿ ಸಿಕ್ಕಿತೆಂದು ಬೆಳಕಿನಲ್ಲಿ ತೋರಿಸುವ ಮ್ಯಾಜಿಕ್ ಐ ವಾಲ್ವ್ ಕತ್ತಲಲ್ಲಿ ಮೆಲ್ಲಗೆ ಹಸಿರು ಕಣ್ಣು ಬಿಡುವುದು, ಏನಾಯಿತೋ ಗೊತ್ತಿಲ್ಲ, ಓಡತೊಡಗಿತು. ಆರು ಲಕ್ಷ. ತಿಂಗಳ ಒಟ್ಟು ವೀಕ್ಷಣೆ 7,60,000. ಹಾಳೆ ಹೇಳಿದ್ದು 41,800 ರೂಪಾಯಿ! ನಾನು ಅವತ್ತೇ ಹೋಗಿ, ಗುಜರಿಯಿಂದ ಸ್ಕೋಪ್ ಎತ್ತಿ ಮಾರುವವನೊಬ್ಬನಿಗೆ ಮೂರು ಸಾವಿರ ಮುಂಗಡ ಕೊಟ್ಟು ಬಂದೆ. 20 ಮೆಗಾಹರ್ಟ್ಸ್, ಎರಡು ಚಾನೆಲ್, 14,000 ರೂಪಾಯಿ, "ಪ್ರೋಬ್ ನೀವೇ ನೋಡ್ಕೊಳ್ಳಿ ಸಾರ್".

ಇದೇ ಹೊತ್ತಿಗೆ ಭಾಮೈದ ಫೋನ್ ಮಾಡಿದ. ಅವನು ನನ್ನ ಹಾಳೆಯನ್ನು ನಂಬುವವನಲ್ಲ, ಸೋಷಿಯಲ್ ಬ್ಲೇಡ್ ನೋಡುವವನು. ಆ ತಾಣ ಸಾವಿರ ವೀಕ್ಷಣೆಗೆ 25 ಸೆಂಟ್‌ನಿಂದ 4 ಡಾಲರ್ ಅಂತ ಹಿಡಿದು ಅಂದಾಜು ತೋರಿಸುತ್ತದೆ. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಹದಿನಾರು ಪಟ್ಟು ಅಂತರ. ನನ್ನ ವೀಕ್ಷಣೆಗೆ ಅದು 190ರಿಂದ 3,040 ಡಾಲರ್. ಭಾಮೈದ ಓದಿದ್ದು ಬಲಗಡೆಯ ಅಂಕಿಯನ್ನು ಮಾತ್ರ. "ಭಾವ, ತಿಂಗಳಿಗೆ ಎರಡೂಮುಕ್ಕಾಲು ಲಕ್ಷ! ನನ್ನ ಗಾಡಿ ಕಂತು..." ಎಂದು ಶುರುಮಾಡಿದ. ಕೊನೆಗೆ ನನ್ನ ಖಾತೆಯಲ್ಲಿ ಕಂಡದ್ದು ಎಡಗಡೆಯ ಅಂಕಿಯ ಅರ್ಧದಷ್ಟು ಎಂದರೆ ಅವನು ಇವತ್ತಿಗೂ ನಂಬಿಲ್ಲ. ಬಚ್ಚಿಡುತ್ತಿದ್ದೇನೆ ಅನ್ನುವುದು ಮನೆಯಲ್ಲಿ ಸದ್ಯದ ಒಮ್ಮತ.

ತಪ್ಪು ಎಲ್ಲಿತ್ತು ಎಂದು ನೀವು ಆಗಲೇ ಊಹಿಸಿರುತ್ತೀರಿ. ಹೆಸರು ಒಂದೇ ಆದರೂ ಶಾರ್ಟ್ಸ್‌ನ ವೀಕ್ಷಣೆ ಬೇರೆ ಜಾತಿ. ಉದ್ದ ವಿಡಿಯೊದಲ್ಲಿ ಅದರದೇ ಜಾಹೀರಾತು, ಅದರ 55 ಶೇಕಡಾ ನಮಗೆ. ಶಾರ್ಟ್ಸ್‌ನಲ್ಲಿ 2023ರ ಫೆಬ್ರುವರಿಯಿಂದ ನಡೆಯುತ್ತಿರುವುದು ಅನ್ನಸಂತರ್ಪಣೆಯ ಲೆಕ್ಕ. ಎಲ್ಲರ ಶಾರ್ಟ್‌ಗಳ ನಡುವೆ ಬಂದ ಜಾಹೀರಾತಿನ ದುಡ್ಡೆಲ್ಲ ಒಂದೇ ಕೊಪ್ಪರಿಗೆಗೆ. ಹಾಡು ಬಳಸಿದವರ ಪಾಲಿನಿಂದ ಸಂಗೀತದ ಕಡೆಯವರಿಗೆ ಮೊದಲೇ ಒಂದಷ್ಟು ತೆಗೆದಿಡುತ್ತಾರೆ. ಉಳಿದದ್ದನ್ನು ಆಯಾ ದೇಶದಲ್ಲಿ ಯಾರ ವೀಕ್ಷಣೆ ಎಷ್ಟೋ ಅಷ್ಟಕ್ಕೆ ಹಂಚಿ, ಹಾಗೆ ಬಂದ ಪಾಲಿನಲ್ಲಿ 45 ಶೇಕಡಾ ನಮ್ಮ ಎಲೆಗೆ. ನನ್ನ ಎಲೆಗೆ ಬಿದ್ದದ್ದು ಸಾವಿರಕ್ಕೆ 1 ರೂಪಾಯಿ 60 ಪೈಸೆ. ಅದೇ ಉದ್ದ ವಿಡಿಯೊಗೆ 62 ರೂಪಾಯಿ. ಜುಲೈನಲ್ಲಿ ಶಾರ್ಟ್ಸ್ ಬರೀ 20,000 ಇದ್ದದ್ದರಿಂದ ಎರಡನ್ನೂ ಕಲಸಿದ್ದು ಗೊತ್ತಾಗಿರಲಿಲ್ಲ. ಆಗಸ್ಟ್‌ನಲ್ಲಿ ಪಾಯಸಕ್ಕಿಂತ ನೀರೇ ಹೆಚ್ಚಾಯಿತು.

ಬೇರೆ ಮಾಡಿ ಮತ್ತೆ ಹಾಕಿದೆ. ಉದ್ದದ್ದು 1,40,000 ವೀಕ್ಷಣೆಗೆ 8,680, ಶಾರ್ಟ್ಸ್ 6,20,000ಕ್ಕೆ 992. ಒಟ್ಟು 9,672 ರೂಪಾಯಿ, 110 ಡಾಲರ್ 41 ಸೆಂಟ್. ಸ್ಕೋಪಿನ ಆಸೆಗೆ ಪೆಟ್ಟು ಬಿದ್ದರೂ ನೂರರ ಗೆರೆ ದಾಟಿದೆಯಲ್ಲ ಎಂದು ಸಮಾಧಾನ. ಇಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಲೂ ಇರಲಿಲ್ಲ.

ಆಮೇಲೆ ಬಂತು 99.26.

ವ್ಯತ್ಯಾಸ 11 ಡಾಲರ್ 15 ಸೆಂಟ್. ಮೂರು ರಾತ್ರಿ ಕೂತೆ ಇದಕ್ಕೆ. ಸೆಟ್‌ನಲ್ಲಿ ಹಮ್, ಅಂದರೆ ಗುಂಯ್ ಸದ್ದು, ಬಂದರೆ ಮೊದಲು ಫಿಲ್ಟರ್ ಕೆಪ್ಯಾಸಿಟರ್ ಮೇಲೆ ಅನುಮಾನ, ಇಲ್ಲಿ ವಿನಿಮಯ ದರದ ಮೇಲೆ. ಚಾನೆಲ್‌ನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೊವನ್ನು ರೂಪಾಯಿಯಿಂದ ಡಾಲರ್‌ಗೆ ಬದಲಿಸಿ ಶುರುವಿನಿಂದ ಹಾಕಿದೆ, ಚಿಲ್ಲರೆ ಕೂಡ ಅಲುಗಲಿಲ್ಲ. ಎರಡನೇ ಅನುಮಾನ ಗಡಿಯಾರದ ಮೇಲೆ. ಯೂಟ್ಯೂಬಿನ ದಿನ ಪೆಸಿಫಿಕ್ ಸಮಯದ್ದು. ಆಗಸ್ಟ್ ಹೊತ್ತಿಗೆ ಅವರ ಮಧ್ಯರಾತ್ರಿ ನಮ್ಮ ಮಧ್ಯಾಹ್ನ ಹನ್ನೆರಡೂವರೆ. ಅಂದರೆ ಆಗಸ್ಟ್ ಮುಗಿದದ್ದು ಸೆಪ್ಟೆಂಬರ್ ಒಂದರಂದು ನಾನು ಊಟಕ್ಕೆ ಏಳುವ ಹೊತ್ತಿಗೆ! ಅದನ್ನು ಸರಿಪಡಿಸಿದೆ, ಆ ತುದಿಯಲ್ಲಿ ಸೇರಿದ್ದು ಈ ತುದಿಯಲ್ಲಿ ಕಳೆಯಿತು. ನಿದ್ದೆ ಕೆಟ್ಟದ್ದೇ ಲಾಭ.

ಎರಡನೇ ರಾತ್ರಿ ವಿಡಿಯೊ ಒಂದೊಂದನ್ನೇ ತೆಗೆದು ನೋಡಿದೆ. ಮರ್ಫಿ ಸೆಟ್‌ನ ಎರಡನೇ ಭಾಗದ ಮುಂದೆ ಹಕ್ಕುಸ್ವಾಮ್ಯದ ಗುರುತು. ಆ ಭಾಗದ ಕೊನೆಯಲ್ಲಿ ಸೆಟ್ ಜೀವ ಪಡೆಯುತ್ತದೆ. ಸಂಭ್ರಮದಲ್ಲಿ ಡಯಲ್ ತಿರುಗಿಸಿ 612 ಕಿಲೋಹರ್ಟ್ಸ್, ಬೆಂಗಳೂರು ಆಕಾಶವಾಣಿಗೆ ತಂದಿದ್ದೆ. ಹಳೆಯ ಚಿತ್ರಗೀತೆ ಬರುತ್ತಿತ್ತು. 22 ಸೆಕೆಂಡ್ ಬಿಟ್ಟಿದ್ದೆ, ಗೊರಗೊರ ಸದ್ದಿನ ನಡುವೆ, ಕಾಗೆ ಕೂಗುವುದೂ ಕೇಳುತ್ತದೆ. ಅಷ್ಟರಲ್ಲೂ ಯೂಟ್ಯೂಬಿನ ಹಕ್ಕುಸ್ವಾಮ್ಯದ ಕಾವಲುಗಾರ ಕಂಟೆಂಟ್ ಐಡಿ ಹಾಡನ್ನು ಗುರುತು ಹಿಡಿದಿತ್ತು. ನನ್ನ ಜೋಡಣೆ ಅಷ್ಟು ಚೆನ್ನಾಗಿದೆ ಎಂದು ಹೆಮ್ಮೆಪಡಬೇಕೋ ಅಳಬೇಕೋ! ಮೂವತ್ತು ಸೆಕೆಂಡಿನೊಳಗಿದ್ದರೆ ನಡೆಯುತ್ತದೆ ಅನ್ನುವುದು ಬರೀ ಬಾಯಿಮಾತು, ಅಂಥ ನಿಯಮವೇ ಇಲ್ಲ. ಗುರುತು ಬಿದ್ದ ದಿನದಿಂದ ಆ ವಿಡಿಯೊದ ಆದಾಯ ಹಾಡಿನ ಒಡೆಯರಿಗೆ. ಐದು ದಿನದೊಳಗೆ ತಕರಾರು ಹಾಕಿದ್ದರೆ ಮೊದಲ ದಿನದಿಂದಲೇ ದುಡ್ಡನ್ನು ತಡೆದಿಡುತ್ತಾರೆ. ಆದರೆ ಹಾಡು ನಿಜವಾಗಿಯೂ ಅವರದೇ, ತಕರಾರು ಯಾವ ಮುಖ ಇಟ್ಟುಕೊಂಡು ಹಾಕಲಿ? ಅಲ್ಲದೆ ನಾನು ನೋಡಿದ್ದೇ ಒಂಬತ್ತನೇ ದಿನ. ಆ ತುಣುಕನ್ನು ಸ್ಟುಡಿಯೊದಲ್ಲೇ ಕತ್ತರಿಸಿದೆ, ಕೆಲವು ಗಂಟೆ ಬಿಟ್ಟು ಗುರುತು ಹೋಯಿತು. ಅಲ್ಲಿಯವರೆಗೆ 7,800 ವೀಕ್ಷಣೆ, 5 ಡಾಲರ್ 51 ಸೆಂಟ್ ಹಾಡಿನ ಪಾಲಾಗಿತ್ತು.

ತಿಂಗಳು ಮುಗಿದ ಮೇಲೆ ಅಸಿಂಧು ಕ್ಲಿಕ್ಕು ಅದು ಇದು ಎಂದು ಕಡಿದು ಅಂತಿಮ ಮಾಡುವಾಗ ಹೋದದ್ದು 80 ಸೆಂಟ್. ಅದಕ್ಕೆ ಜಗಳವಿಲ್ಲ, ತರಕಾರಿ ತೂಕದಲ್ಲೂ ಅಷ್ಟು ಹೋಗುತ್ತದೆ. ಉಳಿದದ್ದು 4 ಡಾಲರ್ 84 ಸೆಂಟ್. ಸ್ಟುಡಿಯೊದ ಯಾವ ಮೂಲೆಯಲ್ಲೂ ಅದರ ಸುಳಿವಿಲ್ಲ. ಮೂರನೇ ರಾತ್ರಿ ಸುಮ್ಮನೆ, ಬೇರೇನೂ ತೋಚದೆ, ಆದಾಯವನ್ನು ದೇಶವಾರು ವಿಂಗಡಿಸಿದೆ. ಅಮೆರಿಕದಿಂದ ವೀಕ್ಷಣೆ ನೂರಕ್ಕೆ ಒಂಬತ್ತು ಅಷ್ಟೇ. ಆದಾಯ ಮಾತ್ರ ನೂರಕ್ಕೆ ಮೂವತ್ತೊಂದು! ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ಕೂತು, ಅಜ್ಜನ ಮನೆಯ ರೇಡಿಯೊ ನೆನೆದು ನೋಡುವ ನಮ್ಮವರು. ಅವರ ಮುಂದೆ ಬರುವ ಜಾಹೀರಾತಿನ ಬೆಲೆಯೇ ಬೇರೆ. ಅಂತಿಮ 104.10ರಲ್ಲಿ ಅವರಿಂದ ಬಂದದ್ದು 32 ಡಾಲರ್ 27 ಸೆಂಟ್. ಅಲ್ಲಿ ತಲೆಗೆ ಹೊಳೆಯಿತು. ಡಬ್ಲ್ಯು-8ಬೆನ್! ಪ್ಯಾನ್ ಸಂಖ್ಯೆ ಕೊಟ್ಟು ತುಂಬಿ ಮರೆತೇಬಿಟ್ಟಿದ್ದ ಅಮೆರಿಕದ ತೆರಿಗೆ ಅರ್ಜಿ. ಅಲ್ಲಿನ ವೀಕ್ಷಕರಿಂದ ಬಂದ ಪಾಲಿಗೆ, ಭಾರತದ ಜೊತೆಗಿನ ಒಪ್ಪಂದದಂತೆ 15 ಶೇಕಡಾ. ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದೆ. 4.84. ಸೆಂಟಿಗೆ ಸೆಂಟು ಸರಿ!

ರಾತ್ರಿ ಒಂದೂಕಾಲಿಗೆ ಕುರ್ಚಿಯಿಂದ ಎದ್ದು ಕುಣಿದೆ. ಡೆಡ್ ಸೆಟ್ ಒಂದು ಮಾತಾಡಿದಾಗಲೂ ನಾನು ಹಾಗೆ ಕುಣಿದಿಲ್ಲ. ದುಡ್ಡು ಹೋದದ್ದಕ್ಕೆ ಇಷ್ಟು ಖುಷಿಪಡುವವನನ್ನು ಮೊದಲ ಸಲ ನೋಡಿದ್ದು ಎಂದು ಹೆಂಡತಿ ದೀಪ ಆರಿಸಿದಳು. ಅಂದಹಾಗೆ, ಆ ಅರ್ಜಿಯನ್ನು ಇನ್ನೂ ತುಂಬದವರು ಯಾರಾದರೂ ಇದ್ದರೆ ಇವತ್ತೇ ತುಂಬಿ. ತುಂಬದಿದ್ದರೆ ಅಮೆರಿಕದ್ದಷ್ಟೇ ಅಲ್ಲ, ಇಡೀ ಜಗತ್ತಿನ ಆದಾಯದ ಮೇಲೆ 24 ಶೇಕಡಾವರೆಗೂ ಹಿಡಿಯಬಹುದು. ತುಂಬಿದವರೂ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಕೊಡಬೇಕು.

ಹಾಗಾಗಿ ಮೂರನೇ ಹಾಳೆ ಹೀಗಿದೆ: ಶಾರ್ಟ್ಸ್ ಬೇರೆ ಕಾಲಂ, ಅಮೆರಿಕ ಬೇರೆ, ಉಳಿದವರು ಬೇರೆ, ಹಾಡಿನ ಕಾಟಕ್ಕೆ ಒಂದು ಕೆಂಪು ಕಾಲಂ. ಜನವರಿಗೆ ಬೇರೆಯೇ ಆರ್‌ಪಿಎಂ, ಯಾಕೆಂದರೆ ಡಿಸೆಂಬರ್‌ವರೆಗೆ ಸುರಿದ ಜಾಹೀರಾತುದಾರರು ಹೊಸ ವರ್ಷಕ್ಕೆ ಕೈಕಟ್ಟಿ ಕೂರುತ್ತಾರೆ. ಕೊನೆಯ ಸಾಲು ಬ್ಯಾಂಕಿನದು: ಅವರ ಕೊಳ್ಳುವ ದರ ಪತ್ರಿಕೆಯ ದರಕ್ಕಿಂತ ಕೆಳಗೆ, ಮೇಲೊಂದು ಶುಲ್ಕ, ಕರೆನ್ಸಿ ಬದಲಿಸಿದ್ದಕ್ಕೆ ಜಿಎಸ್‌ಟಿ ಕನಿಷ್ಠ 45 ರೂಪಾಯಿ. ಈ ಸಾಲನ್ನು ಪರೀಕ್ಷಿಸಲು ಮೊದಲು ದುಡ್ಡು ಬರಬೇಕು.

ಸ್ಕೋಪಿನವನು ಮುಂಗಡ ವಾಪಸ್ ಇಲ್ಲ ಅಂದ. ಬದಲಿಗೆ ಮೂರು ಸಾವಿರದ ಬಾಬ್ತು ಕೆಪ್ಯಾಸಿಟರ್ ಕೊಡ್ತೀನಿ ಎಂದು ಒಂದು ಚೀಲ ಕೊಟ್ಟ. 47 ಮೈಕ್ರೊಫ್ಯಾರಡ್ 450 ವೋಲ್ಟ್ ಎಂದು ಬರೆದದ್ದನ್ನು ಅಳೆದರೆ 12. ಹಳೆಯ ಡಬ್ಬಿಗೆ ಹೊಸ ಅಂಗಿ. ಟ್ರಾನ್ಸ್‌ಫಾರ್ಮರ್ ಸುತ್ತುವವರಂತೂ ಯುಗಾದಿಯಿಂದ "ನಾಳೆ ಬನ್ನಿ" ಅನ್ನುತ್ತಿದ್ದಾರೆ.

ಟ್ರಾನ್ಸ್‌ಫಾರ್ಮರ್ ಯಾಕೆ ಅಂದರೆ, ಮುಂದಿನ ಯೋಜನೆಗೆ ಅದು ಬೇಕು. ಇಎಂ84 ಮ್ಯಾಜಿಕ್ ಐ ಗೊತ್ತಲ್ಲ, ಎರಡು ಹಸಿರು ಪಟ್ಟಿ ಎರಡೂ ಕಡೆಯಿಂದ ಬಂದು ಮಧ್ಯೆ ಕೂಡುವಂಥದ್ದು. ಅದನ್ನು ಆದಾಯದ ಮೀಟರ್ ಮಾಡಬೇಕು. ಇಎಸ್‌ಪಿ32 ಎಂಬ ವೈ-ಫೈ ಇರುವ ಪುಟ್ಟ ಚಿಪ್, ಯೂಟ್ಯೂಬ್ ಅನಾಲಿಟಿಕ್ಸ್‌ನ ಎಪಿಐಯಿಂದ (ಯಂತ್ರಗಳು ನೇರವಾಗಿ ಮಾಹಿತಿ ಕೇಳಿ ಪಡೆಯುವ ಕಿಂಡಿ) ದಿನಕ್ಕೊಮ್ಮೆ ಅಂದಾಜು ಆದಾಯ ತಂದು, ಹಾಳೆ ಮೂರರ ಕಡಿತ ಹಾಕಿ, ವಾಲ್ವ್‌ನ ಪಟ್ಟಿಗಳನ್ನು ಆಡಿಸುವ ಗ್ರಿಡ್‌ಗೆ ಸೊನ್ನೆಯಿಂದ ಮೈನಸ್ 22 ವೋಲ್ಟ್ ಕೊಡಬೇಕು. ನೂರು ಡಾಲರ್ ಆದ ಗಳಿಗೆ ಪಟ್ಟಿಗಳು ಕೂಡಬೇಕು. ಈಗಿನ 99.26ಕ್ಕೆ ನಡುವೆ ಒಂದು ಕೂದಲೆಳೆ ಸಂದು ಕಾಣುತ್ತದೆ. ತರಿಸಿದ ವಾಲ್ವ್ "ಡಬ್ಬಿ ಒಡೆಯದ ಹೊಸದು", ಹಚ್ಚಿದರೆ ಹಸಿರು ಹೋಗಿ ಹಳೆ ಪಾಚಿಯ ಬಣ್ಣ. ಇರಲಿ, ಕತ್ತಲಲ್ಲಿ ಕಾಣುತ್ತದೆ.

ಅದಕ್ಕೆ ಮುಂಚೆ ಹಾಡಿನ ಕಾಟ ಮುಗಿಸಬೇಕು. ದನಿಯನ್ನು ರೇಡಿಯೊಗೆ ಕಳಿಸುವ, ಕೋಣೆಯೊಳಗಷ್ಟೇ ಕೇಳುವ ಪುಟ್ಟ ಎಎಂ ಮಾಡ್ಯುಲೇಟರ್ ಕಟ್ಟಿದ್ದೇನೆ. ಇನ್ನು ಮೇಲೆ ರಿಪೇರಿಯಾದ ಸೆಟ್‌ಗಳೆಲ್ಲ ನನ್ನ ದನಿಯಲ್ಲಿ ಮಗ್ಗಿ ಹೇಳುತ್ತವೆ, ಅದರ ಹಕ್ಕು ಯಾರೂ ಕೇಳಲಾರರು. ನಿನ್ನೆ ಹದಿನೇಳರ ಮಗ್ಗಿ ರೆಕಾರ್ಡ್ ಮಾಡಿದೆ. ಮರ್ಫಿಯಲ್ಲಿ ಕೇಳಿಸಿದರೆ ಹದಿನೇಳ ಎಂಟ್ಲೆ ನೂರ ಇಪ್ಪತ್ತಾರು ಅಂದಿದ್ದೇನೆ. ಮಗಳು ಅಡುಗೆಮನೆಯಿಂದಲೇ ತಿದ್ದಿದಳು. ಇವತ್ತು ರಾತ್ರಿ ಮತ್ತೆ ಮಾಡಬೇಕು.