ಬೆಳ್ಳುಳ್ಳಿ ತಿಂದರೆ ಕರುಳಿನ ಕ್ಯಾನ್ಸರ್ ಬರೋದಿಲ್ವಂತೆ, ನಿಜಾನಾ?

ಖಾಲಿ ಹೊಟ್ಟೆಯಲ್ಲಿ ಎರಡೆಸಳು ಹಸಿ ಬೆಳ್ಳುಳ್ಳಿ ನುಂಗಿದರೆ ದೊಡ್ಡ ಕರುಳಿನ ಕ್ಯಾನ್ಸರ್ ಹತ್ತಿರ ಸುಳಿಯಲ್ಲ ಎಂಬ ಮಾತು ನಿಜವೇ ಎಂದು ಕೇಳುವವರು ಬಹಳ. ಅಷ್ಟು ಹೇಳಲು ಪುರಾವೆ ಸಾಲದು. ಹಾಗಂತ ಅದು ಗಾಳಿಮಾತೂ ಅಲ್ಲ.

ಅಮೆರಿಕದ ಅಯೋವಾದಲ್ಲಿ 1986ರಲ್ಲಿ 55ರಿಂದ 69 ವಯಸ್ಸಿನ ಸುಮಾರು 41 ಸಾವಿರ ಹೆಂಗಸರ ಊಟದ ವಿವರ ಬರೆಸಿಕೊಂಡು, ಐದು ವರ್ಷ ಗಮನಿಸಿದರು. ಬೆಳ್ಳುಳ್ಳಿ ಹೆಚ್ಚು ತಿನ್ನುವವರಲ್ಲಿ ಈ ಕ್ಯಾನ್ಸರ್ ಮೂರನೇ ಒಂದು ಪಾಲು ಕಡಿಮೆ ಕಂಡಿತು. ಆದರೆ ಒಟ್ಟು ರೋಗಿಗಳೇ 212 ಮಂದಿ. ಅಷ್ಟರಲ್ಲಿ ಆಕಸ್ಮಿಕ ಯಾವುದು, ನಿಜ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಆದರೂ ಇಂಥ ಅಧ್ಯಯನಗಳನ್ನು ನಂಬಿ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2007ರಲ್ಲಿ ಬೆಳ್ಳುಳ್ಳಿ 'ಬಹುಶಃ ರಕ್ಷಿಸುತ್ತದೆ' ಎಂದಿತು.

2013ರಲ್ಲಿ ಚಿತ್ರ ಬದಲಾಯಿತು. ಅಮೆರಿಕದಲ್ಲೇ 76,208 ಹೆಂಗಸರು, 45,592 ಗಂಡಸರನ್ನು 24 ವರ್ಷದವರೆಗೆ ಗಮನಿಸಿದ ಲೆಕ್ಕ ಹೊರಬಂತು. 2,368 ಜನರಿಗೆ ರೋಗ ಬಂದಿತ್ತು. ಬೆಳ್ಳುಳ್ಳಿ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸವಿಲ್ಲ! ಹಳೆಯ ಕೆಲವು ಅಧ್ಯಯನಗಳಲ್ಲಿ ರೋಗ ಬಂದ ಮೇಲೆ ಕೂರಿಸಿ 'ಮೊದಲು ಎಷ್ಟು ತಿಂತಿದ್ರಿ' ಎಂದು ಕೇಳಿದ್ದರು. ಯಾರಿಗೆ ನೆನಪಿರುತ್ತದೆ? ಅಲ್ಲದೆ ಬೆಳ್ಳುಳ್ಳಿಯನ್ನು ಯಾರೂ ಬರಿದೇ ತಿನ್ನುವುದಿಲ್ಲ, ಅದರ ಜೊತೆ ಸೊಪ್ಪು, ತರಕಾರಿ, ಕಾಳೂ ಹೊಟ್ಟೆಗೆ ಹೋಗುತ್ತವೆ. ಲಾಭ ಯಾವುದರದ್ದು? ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯದೇ 2017ರ ಪರಿಷ್ಕೃತ ವರದಿಯ 'ಬಹುಶಃ' ಪಟ್ಟಿಯಲ್ಲಿ ಬೆಳ್ಳುಳ್ಳಿ ಇಲ್ಲ. ಆದರೆ ದಿನಕ್ಕೆ 90 ಗ್ರಾಂ ತವುಡು ಸಮೇತದ ಧಾನ್ಯ ತಿಂದರೆ ಈ ಕ್ಯಾನ್ಸರ್‌ನ ಅಪಾಯ 17% ಕಡಿಮೆ ಎಂಬ ಲೆಕ್ಕ ಅದರಲ್ಲಿದೆ. ನಮಗೆ ಅದು ರಾಗಿಮುದ್ದೆ, ಜೋಳದ ರೊಟ್ಟಿ. ಅದನ್ನು ಬಿಟ್ಟು ಎಲ್ಲರೂ ಬೆಳ್ಳುಳ್ಳಿಯ ಹಿಂದೆ ಬಿದ್ದಿದ್ದಾರೆ.

ಜಪಾನಿನಲ್ಲಿ ಕರುಳಿನಲ್ಲಿ ಗಂಟು (ಪಾಲಿಪ್, ಮುಂದೆ ಕ್ಯಾನ್ಸರ್ ಆಗಬಹುದಾದದ್ದು) ಇದ್ದ 51 ಜನರಿಗೆ, ತಿಂಗಳುಗಟ್ಟಲೆ ನೆನೆಸಿ ಹಳತಾಗಿಸಿದ ಬೆಳ್ಳುಳ್ಳಿಯ ಸಾರವನ್ನು 12 ತಿಂಗಳು ಕೊಟ್ಟು ನೋಡಿದಾಗ, ಕಡಿಮೆ ಪ್ರಮಾಣ ಕುಡಿದವರಿಗಿಂತ ಹೆಚ್ಚು ಕುಡಿದವರಲ್ಲಿ ಗಂಟುಗಳ ಗಾತ್ರವೂ ಸಂಖ್ಯೆಯೂ ಕಡಿಮೆ ಇದ್ದವು. ಆದರೆ ಕೊನೆವರೆಗೂ ಉಳಿದವರು 37 ಮಂದಿ. ಅದೂ ಸಾರ, ನಮ್ಮ ಅಡುಗೆಯ ಎಸಳಲ್ಲ.

ಇನ್ನು ಅಡುಗೆಮನೆ. ಬೆಳ್ಳುಳ್ಳಿಗೆ ಘಾಟು ಕೊಡುವ, ಔಷಧಿ ಗುಣ ಇದೆಯೆಂದು ಹೇಳುವ ಅಲಿಸಿನ್ ಎಂಬ ವಸ್ತು ಎಸಳಲ್ಲಿ ಮೊದಲೇ ಇರುವುದಿಲ್ಲ. ಅದರ ಮೂಲವಸ್ತುವಾದ ಅಲಿಯಿನ್ ಒಂದು ಕಡೆ, ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ. ಜಜ್ಜಿದಾಗ ಎರಡೂ ಕೂಡಿ ಅಲಿಸಿನ್ ಆಗುತ್ತದೆ. ಇಡೀ ಎಸಳನ್ನು ಕಾದ ಎಣ್ಣೆಗೆ ಹಾಕಿದರೆ ಕಿಣ್ವ ಮೊದಲೇ ಸಾಯುತ್ತದೆ. ಇಡಿಯಾಗಿ ನುಂಗಿದರೂ ಹೊಟ್ಟೆಯ ಆಮ್ಲ ಅದನ್ನು ಹಾಳುಮಾಡುತ್ತದೆ. ಜಜ್ಜಿ ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕಿದರೆ ಒಂದಿಷ್ಟು ಉಳಿಯುತ್ತದೆ, ಘಮವೂ ಚೆನ್ನಾಗಿರುತ್ತದೆ. ಕ್ಯಾನ್ಸರ್ ತಡೆಯುತ್ತದೆ ಅಂತಲ್ಲ.

ವಾರ್ಫರಿನ್, ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಗುಳಿಗೆ ನುಂಗುವವರು ಬೆಳ್ಳುಳ್ಳಿ ಕ್ಯಾಪ್ಸೂಲ್ ಶುರುಮಾಡುವ ಮುಂಚೆ ವೈದ್ಯರಿಗೆ ಹೇಳಿ. ಆಪರೇಶನ್ ಇದ್ದರೆ ಬೆಳ್ಳುಳ್ಳಿ ಕ್ಯಾಪ್ಸೂಲನ್ನು ಒಂದು ವಾರ ಮೊದಲೇ ನಿಲ್ಲಿಸಿ. ಹೊಟ್ಟೆಯುಬ್ಬರ ಇರುವವರಿಗೆ ಬೆಳ್ಳುಳ್ಳಿಯಲ್ಲಿರುವ, ಸುಲಭವಾಗಿ ಜೀರ್ಣವಾಗದ ಫ್ರಕ್ಟಾನ್ ಎಂಬ ಅಂಶದಿಂದ ಗ್ಯಾಸ್ ಜಾಸ್ತಿಯಾಗಬಹುದು.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಇರಬೇಕೆಂದು ಸುಮ್ಮನಿರಬೇಡಿ. ಮಲವಿಸರ್ಜನೆಯ ರೀತಿ ಕೆಲವು ವಾರ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಬಂದರೆ ವೈದ್ಯರಿಗೆ ತೋರಿಸಿ. ಕೊಲೊನೊಸ್ಕೋಪಿಯಲ್ಲಿ (ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಗಂಟು ಸಿಕ್ಕರೆ ಸಾಮಾನ್ಯವಾಗಿ ಆಗಲೇ ತೆಗೆಯುತ್ತಾರೆ, ಕ್ಯಾನ್ಸರ್ ಆಗುವ ಮೊದಲೇ.