ಸ್ಟ್ರಾಬೆರಿ ಕಾಲದಲ್ಲಿ ಗನಾಂಡಗನ್‌ನಲ್ಲಿ ಒಂದು ದಿನ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ಗೆ ಬಂದು ನೆಲೆಸಿದ ಮೇಲೆ ನನ್ನ ಶುಗರ್ ಗಡಿ ಹತ್ತಿರ ಬಂದು ನಿಂತಿತು. ಅನ್ನ ಕಡಿಮೆ ಮಾಡಿ, ನಡೀರಿ ಅಂದ್ರು ಡಾಕ್ಟರು. ಆಫೀಸಿನವರು ಒಂದು ವೆಲ್‌ನೆಸ್ ಆ್ಯಪ್ ಕೊಟ್ಟರು. ಅದು ದಿನಾ ಬೆಳಿಗ್ಗೆ ‘ಇವತ್ತು ಯಾವುದಕ್ಕೆ ಥ್ಯಾಂಕ್ಸ್ ಹೇಳ್ತೀರಿ?’ ಅಂತ ಕೇಳುತ್ತಿತ್ತು, ನಾನು ದಿನಾ ‘ಕಾಫಿ’ ಅಂತ ಒತ್ತುತ್ತಿದ್ದೆ. ಹೀಗಿರುವಾಗ ಜೂನ್‌ನ ಒಂದು ಶನಿವಾರ ವಿಕ್ಟರ್ ಊರಿನ ಪಕ್ಕದ ಗನಾಂಡಗನ್‌ಗೆ ಹೋದೆ.

ಇದು 17ನೇ ಶತಮಾನದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನರ ಪಟ್ಟಣ ಇದ್ದ ಗುಡ್ಡ. 1687ರಲ್ಲಿ ಫ್ರೆಂಚ್ ಗವರ್ನರ್ ದೆನೊನ್‌ವಿಲ್ ದಂಡೆತ್ತಿ ಬಂದು ಹೊಲಗಳನ್ನೂ ಕೂಡಿಟ್ಟ ಮೆಕ್ಕೆಜೋಳವನ್ನೂ ನಾಶ ಮಾಡಿದ. ಈಗ ರಾಜ್ಯದ ಐತಿಹಾಸಿಕ ತಾಣ. ಮೊಹಾಕ್, ಒನೈಡಾ, ಒನೊಂಡಾಗಾ, ಕಯೂಗಾ, ಸೆನೆಕಾ, ಟಸ್ಕರೋರಾ ಈ ಆರು ಜನಾಂಗ ಸೇರಿದ ಒಕ್ಕೂಟವೇ ಹೋಡಿನೊಶೋನಿ. ಹಳೇ ಪುಸ್ತಕಗಳಲ್ಲಿ ಇರಾಕ್ವಾ ಅಂತ ಓದಿರುತ್ತೀರಿ.

ಗೈಡ್ ಸೆನೆಕಾ ಹೆಂಗಸು. ಶುರು ಮಾಡುವ ಮೊದಲು ನಮ್ಮನ್ನೆಲ್ಲ ನಿಲ್ಲಿಸಿ ವಂದನೆಯ ಮಾತು ಹೇಳಿದರು, ಮೊದಲು ಅವರ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಸೇರಿರುವ ಜನರಿಗೆ ಮೊದಲ ಥ್ಯಾಂಕ್ಸ್, ಆಮೇಲೆ ಭೂಮಿತಾಯಿಗೆ, ನೀರಿಗೆ, ಮೀನಿಗೆ, ಬೆಳೆಗಳಿಗೆ, ಔಷಧಿ ಗಿಡಗಳಿಗೆ, ಪ್ರಾಣಿಗಳಿಗೆ, ಮರಗಳಿಗೆ, ಹಕ್ಕಿಗಳಿಗೆ, ಗಾಳಿಗೆ, ಗುಡುಗಿಗೆ, ಸೂರ್ಯನಿಗೆ, ಚಂದ್ರನಿಗೆ (ಚಂದ್ರ ಅವರಿಗೆ ಅಜ್ಜಿ), ಹೀಗೆ ನಕ್ಷತ್ರ ದಾಟಿ ಸೃಷ್ಟಿಕರ್ತನ ತನಕ. ಒಂದೊಂದು ಮುಗಿದಾಗಲೂ ‘ಈಗ ನಮ್ಮೆಲ್ಲರ ಮನಸ್ಸು ಒಂದು’ ಅನ್ನುತ್ತಾರೆ. ಮೊದಮೊದಲು ನನಗೆ ಕಾಲು ನೋವು ಬಂತು, ಸುಳ್ಳು ಯಾಕೆ ಹೇಳಲಿ. ನನ್ನ ಪಕ್ಕದ ಹುಡುಗ ಮೊಬೈಲ್ ನೋಡುತ್ತಿದ್ದ. ಮರಗಳ ಸರದಿ ಬರುವಷ್ಟರಲ್ಲಿ ಅವನೂ ಜೇಬಿಗೆ ಹಾಕಿಕೊಂಡ. ಇದರಲ್ಲಿ ‘ನಾನು’ ಅನ್ನೋದೇ ಇಲ್ಲ ಅಂತ ನನಗೆ ಹೊಳೆದಿದ್ದೂ ಅಲ್ಲೇ. ಆ್ಯಪ್ ಕೇಳೋದು ನಿನಗೆ ಏನು ಸಿಕ್ಕಿತು ಅಂತ. ಇಲ್ಲಿ ಯಾರು ಯಾರು ತಮ್ಮ ಕೆಲಸ ಇನ್ನೂ ಮಾಡುತ್ತಿದ್ದಾರೆ ಅಂತ ಒಬ್ಬೊಬ್ಬರನ್ನೇ ನೆನೆಯುತ್ತಾರೆ.

ವರ್ಷವಿಡೀ ಇವರು ಮಾಡುವ ಆಚರಣೆಗಳ ಸಾಲೂ ಹಾಗೇ. ಜನವರಿ, ಫೆಬ್ರವರಿ ಸುಮಾರಿಗೆ ಅಮಾವಾಸ್ಯೆ ಲೆಕ್ಕ ಹಿಡಿದು ನಡುಚಳಿಗಾಲದ ಆಚರಣೆ. ಆಮೇಲೆ ಮೇಪಲ್ ರಸ ಇಳಿಯುವಾಗ, ಗುಡುಗು ಬರುವಾಗ, ಬಿತ್ತುವಾಗ, ಸ್ಟ್ರಾಬೆರಿ ಕೆಂಪಾಗುವಾಗ, ಹಸಿ ಬೀನ್ಸ್ ಬಿಡುವಾಗ, ಎಳೆಜೋಳಕ್ಕೆ, ಕೊನೆಗೆ ಸುಗ್ಗಿಗೆ. ಇದರಲ್ಲಿ ಆರೋಗ್ಯ ಎಲ್ಲಿದೆ ಅಂದರೆ, ನನ್ನ ಪ್ರಕಾರ ನಡುಚಳಿಗಾಲದಲ್ಲೇ ಜಾಸ್ತಿ. ಒಲೆಯ ಬೂದಿ ಕೆದಕುತ್ತಾರೆ, ಮಕ್ಕಳಿಗೆ ಹೆಸರಿಡುತ್ತಾರೆ, ಪೀಚ್ ಹಣ್ಣಿನ ಆರು ಬೀಜ ಬಟ್ಟಲಲ್ಲಿ ಕುಲುಕಿ ಎರಡು ಕಡೆಯವರಾಗಿ ಆಡುತ್ತಾರೆ. ತಮ್ಮ ಕನಸುಗಳನ್ನು ಎಲ್ಲರೆದುರು ಹೊರಗೆ ಹಾಕುತ್ತಾರೆ. ಹಿಂದೆ ಯಾವುದೋ ಚಿಕಿತ್ಸೆಯ ಆಚರಣೆಯಿಂದ ಗುಣವಾದವರು ಆ ಋಣವನ್ನು ಮತ್ತೆ ತೀರಿಸುವುದೂ ಆಗಲೇ. ಅಂದರೆ ವಾಸಿಯಾದ ಕೂಡಲೇ ಫೈಲ್ ಮುಚ್ಚಿಬಿಡೋದಿಲ್ಲ. ಹೊರಗೆ ಹಿಮ, ಮನೆಯೊಳಗೇ ಎಲ್ಲರೂ ಮಂಕಾಗಿ ಕೂರುವ ತಿಂಗಳಲ್ಲಿ ಇದನ್ನಿಟ್ಟಿದ್ದಾರೆ. ಇಲ್ಲಿಯ ಫೆಬ್ರವರಿ ಕಳೆದವರಿಗೆ ಇದರ ಬೆಲೆ ಗೊತ್ತು.

ಸ್ಟ್ರಾಬೆರಿ ಕಥೆ ಬೇರೆ ಥರ. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಕಳಿಸಿದ ಜನರಲ್ ಸಲಿವನ್‌ನ ಸೈನ್ಯ ಇವರ 40ಕ್ಕೂ ಹೆಚ್ಚು ಊರು ಸುಟ್ಟಿತು. ಆಮೇಲೆ ಭೂಮಿ ಹೋಯಿತು, ಹೆಂಡ ಬಂತು. ಹ್ಯಾಂಡ್‌ಸಮ್ ಲೇಕ್ ಅನ್ನೋ ಸೆನೆಕಾ ಹಿರಿಯನೇ ಕುಡಿದು ಕುಡಿದು ಹಾಸಿಗೆ ಹಿಡಿದಿದ್ದ. 1799ರ ಜೂನ್‌ನಲ್ಲಿ, ಸ್ಟ್ರಾಬೆರಿ ಹೊತ್ತಿನಲ್ಲೇ, ಅವನಿಗೆ ದರ್ಶನವಾಯಿತು. ಎದ್ದು ಕೂತವನು ಹೆಂಡ ಬಿಡಿ, ಆಚರಣೆ ಬಿಡಬೇಡಿ ಅಂತ ಊರೂರು ಸಾರಿದ. ಅವನ ಬೋಧನೆಯನ್ನು ಲಾಂಗ್‌ಹೌಸ್‌ಗಳಲ್ಲಿ, ಅಂದರೆ ಇವರು ಆಚರಣೆಗೆ ಸೇರುವ ಉದ್ದನೆಯ ಮನೆಗಳಲ್ಲಿ, ಇವತ್ತಿಗೂ ಹೇಳುತ್ತಾರೆ. ಗೈಡ್ ನಮಗೆ ಪೇಪರ್ ಕಪ್‌ನಲ್ಲಿ ಸ್ಟ್ರಾಬೆರಿ ಪಾನಕ ಕೊಟ್ಟರು. ಹಣ್ಣು ಪೂರ್ತಿ ಅರೆದಿರಲಿಲ್ಲ, ಬೀಜ ಹಲ್ಲಿಗೆ ಸಿಗುತ್ತಿತ್ತು. ಗುಂಪಿನಲ್ಲೊಬ್ಬರು ಇದರಲ್ಲಿ ವಿಟಮಿನ್ ಸಿ ಎಷ್ಟಿದೆ ಅಂತ ಕೇಳಿದರು. ಗೈಡ್ ನಕ್ಕು, ಇರಬಹುದು, ಕುಡೀರಿ ಅಂದರು.

ನಾನು ಕೇಳಿದ್ದು, ನಿಜವಾದ ಆಚರಣೆ ನೋಡಬಹುದಾ ಅಂತ. ಇಲ್ಲ, ಅದು ನಮ್ಮವರಿಗೆ, ಲಾಂಗ್‌ಹೌಸ್‌ನಲ್ಲಿ ನಡೆಯುತ್ತೆ ಅಂದರು. ಸಿಟ್ಟಿಲ್ಲ, ಸಮಜಾಯಿಷಿಯೂ ಇಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಯೋಗವನ್ನು ಬಾಟಲಿಯಲ್ಲಿ ತುಂಬಿ ಮಾರುವ ಊರಿನಲ್ಲಿ ಯಾರಾದರೂ ಬಾಗಿಲು ಹಾಕಿಕೊಂಡಿದ್ದಾರಲ್ಲ ಅಂತ. ಎಲ್ಲರಿಗೂ ತೋರಿಸಲು ಶುರು ಮಾಡಿದರೆ ಕನಸು ಹೇಳಿಕೊಳ್ಳೋದು ಯಾರು, ಅಲ್ವಾ?

ಮರದ ತೊಗಟೆಯ ಲಾಂಗ್‌ಹೌಸ್ ಮಾದರಿಯೊಳಗೆ ಬಿಳಿ ಮೆಕ್ಕೆಜೋಳದ ತೆನೆಗಳನ್ನು ಸಿಪ್ಪೆಯಿಂದಲೇ ಜಡೆ ಹೆಣೆದು ತೂಗುಹಾಕಿದ್ದರು. ಮುತ್ತೈದೆಯ ಜಡೆಯಷ್ಟು ಬಿಗಿ. ಈ ಕಾಳನ್ನು ಮರದ ಬೂದಿ ಹಾಕಿ ಬೇಯಿಸುತ್ತಾರೆ, ಆಗ ಸಿಪ್ಪೆ ಬಿಡುತ್ತೆ, ಕಾಳಿನೊಳಗಿನ ನಯಾಸಿನ್ ಅನ್ನೋ ವಿಟಮಿನ್ ನಮ್ಮ ದೇಹಕ್ಕೆ ಸಿಗುತ್ತೆ. ಹಾಗೆ ಬೇಯಿಸದೆ ಮೆಕ್ಕೆಜೋಳವನ್ನೇ ನೆಚ್ಚಿದ ಕಡೆಗಳಲ್ಲಿ ಆ ವಿಟಮಿನ್ ಸಾಲದೆ ಪೆಲ್ಲಾಗ್ರಾ ಅನ್ನೋ ಕಾಯಿಲೆ ಬಂತು. ಬೀಜ ಯುರೋಪಿಗೆ ಹೋಯಿತು, ಬೂದಿಯ ವಿದ್ಯೆ ಹೋಗಲಿಲ್ಲ.

ಬರುವಾಗ ಅಲ್ಲಿನ ಹುರಿದ ಜೋಳದ ಹಿಟ್ಟು ತಂದೆ. ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತೆ, ಕುದಿಯುವ ನೀರು ಜಾಸ್ತಿ ಬೇಕು, ಸ್ವಲ್ಪ ಗೋಧಿ ಹಿಟ್ಟು ಸೇರಿಸಿದರೆ ಮಾತು ಕೇಳುತ್ತೆ. ಪರಿಮಳ ಮಾತ್ರ ಭರ್ಜರಿ, ಬದನೆಕಾಯಿ ಎಣ್ಣೆಗಾಯಿಗೆ ಹೇಳಿ ಮಾಡಿಸಿದಂತೆ. ಶುಗರ್ ಇಳಿಯಿತಾ ಅಂತ ಅಕ್ಕ ಫೋನ್ ಮಾಡಿ ಕೇಳಿದಳು. ಇಳಿದಿಲ್ಲ ಮಾರಾಯ್ತಿ, ಆ್ಯಪ್ ಮಾತ್ರ ತೆಗೆದು ಹಾಕಿದೆ ಅಂದೆ.