ಇಡೀ ಡಾಕ್ ಕತ್ತಲಾಗುವುದು ಯಾಕೆ? 30, 100 ಮತ್ತು ಒಂದಿಷ್ಟು ತಡ

ನಮ್ಮ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) 30 ಮಿಲಿಆಂಪ್ ಸೋರಿಕೆಗೆ ಬೀಳುತ್ತದೆ, ಅಂದರೆ ತಾನೇ ಆಫ್ ಆಗುತ್ತದೆ. ಅಮೆರಿಕದ ಮರೀನಾಗಳಲ್ಲೂ (ಬೋಟ್ ನಿಲ್ದಾಣಗಳು) ಡಾಕಿನ ಮೇಲೆ, ಅಂದರೆ ಬೋಟ್ ಕಟ್ಟುವ ಕಟ್ಟೆಯ ಮೇಲೆ, ನಿಂತು ಬೋಟಿಗೆ ಕರೆಂಟ್ ಕೊಡುವ ಸಾಕೆಟ್ ಕಂಬದ, ಅಂದರೆ ಪೆಡೆಸ್ಟಲ್‌ನ, ಮಿತಿ ಅಷ್ಟೇ. ತೊಂದರೆ ಶುರುವಾಗುವುದು ಅದರ ಹಿಂದಿನ, ಇಡೀ ಡಾಕಿಗೆ ಕರೆಂಟ್ ತರುವ ಫೀಡರ್‌ನಲ್ಲಿ: ಅದು ಬಿದ್ದರೆ ಎಲ್ಲ ಬೋಟ್‌ಗಳೂ ಕತ್ತಲು.

ಅಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 2017ರ ಆವೃತ್ತಿ ಮೇನ್ ಬ್ರೇಕರ್‌ಗೂ 30 ಮಿಲಿಆಂಪ್ ಮಿತಿಯನ್ನೇ ಹಾಕಿತ್ತು. ಒಂದೇ ಲೆಗ್‌ನಲ್ಲಿ (ಒಂದೇ ಲೈವ್ ವೈರಿನಲ್ಲಿ) ಹನ್ನೆರಡು ಬೋಟ್‌ಗಳಿದ್ದು, ಪ್ರತಿಯೊಂದರ ಚಾರ್ಜರ್ ಫಿಲ್ಟರ್‌ನಿಂದ 6 ಮಿಲಿಆಂಪ್ ಸೋರಿದರೂ ಒಟ್ಟು 72 ಆಯಿತು. ಯಾವ ಬೋಟೂ ಕೆಟ್ಟಿಲ್ಲ, ಆದರೂ ಮೇನ್ ಬಿತ್ತು. 2020ರ ಆವೃತ್ತಿ ಇದನ್ನು ಸರಿಪಡಿಸಿತು: ಶೋರ್ ಪವರ್ (ದಡದಿಂದ ಬೋಟಿಗೆ ಕೊಡುವ ಕರೆಂಟ್) ಸಾಕೆಟ್‌ಗೆ 30, ಡಾಕಿನ ಫೀಡರ್‌ಗೆ 100.

ಆದರೆ ಅಂಕಿಯ ವ್ಯತ್ಯಾಸ ಮಾತ್ರ ಸಾಲದು. ಹೀಟರ್ ಎಲಿಮೆಂಟ್ ಒಡೆದು 2 ಆಂಪ್ ಅರ್ಥ್‌ಗೆ ಹರಿದರೆ 30, 100 ಎರಡೂ ದಾಟಿಹೋಗುತ್ತವೆ. ಮೊದಲು ಬೀಳುವುದು ವೇಗವಾದದ್ದು. ಪೆಡೆಸ್ಟಲ್ 100 ಮಿಲಿಸೆಕೆಂಡ್‌ನೊಳಗೆ ಬೀಳುವುದಾದರೆ ಫೀಡರ್ ರಿಲೇಗೆ (ಸೋರಿಕೆ ಕಂಡರೆ ಫೀಡರ್ ಕಡಿಸುವ ಸಾಧನ) ಅದಕ್ಕಿಂತ ಸಾಕಷ್ಟು ಹೆಚ್ಚು, ಉದಾಹರಣೆಗೆ 300 ಮಿಲಿಸೆಕೆಂಡ್, ತಡ ಕೊಡಬೇಕು. ಬೋಟಿನೊಳಗಿನ ಸೋರಿಕೆ ಬ್ರೇಕರ್ ಇಎಲ್‌ಸಿಐ ಕೂಡ 30 ಮಿಲಿಆಂಪ್, 100 ಮಿಲಿಸೆಕೆಂಡ್‌ನದೇ. ಅದಕ್ಕೂ ಪೆಡೆಸ್ಟಲ್‌ಗೂ ಹೊಂದಾಣಿಕೆ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಯಾವುದು ಬಿದ್ದರೂ ಕತ್ತಲಾಗುವುದು ಒಂದೇ ಬೋಟ್.

ಫೀಡರ್ ಸಿಟಿ (ಸೋರಿಕೆ ಅಳೆದು ರಿಲೇಗೆ ತಿಳಿಸುವ, ಬಳೆಯಂಥ ಕರೆಂಟ್ ಟ್ರಾನ್ಸ್‌ಫಾರ್ಮರ್) ಕೂರಿಸುವಾಗ ಫೇಸ್‌ಗಳು ಮತ್ತು ನ್ಯೂಟ್ರಲ್ ಎಲ್ಲವೂ ಒಳಗೆ ಹಾಯಬೇಕು, ಅರ್ಥ್ ವೈರ್ ಹೊರಗಿರಬೇಕು. ವೈರ್‌ಗಳನ್ನು ಒಟ್ಟಿಗೆ ಕಟ್ಟಿ ನಡುಮಧ್ಯೆ ಇರಿಸಿ. ಒಂದು ಬದಿಗೆ ವಾಲಿದರೆ ದೊಡ್ಡ ಎಸಿ ಶುರುವಾದಾಗ ಸುಳ್ಳು ಸೋರಿಕೆ ಕಾಣಿಸುತ್ತದೆ. ಡಾಕಿನ ಸಬ್‌ಪ್ಯಾನಲ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ಜಂಪರ್ (ಜೋಡಿಸುವ ತುಂಡು ವೈರ್) ಉಳಿದಿದ್ದರೆ ರಿಲೇ ಮತ್ತೆ ಮತ್ತೆ ಬೀಳುತ್ತಲೇ ಇರುತ್ತದೆ. ಬೋಟಿನಲ್ಲೂ ಇದೇ ತಪ್ಪು: ಡ್ರೈಯರ್‌ನ ನ್ಯೂಟ್ರಲ್ ಬಾಡಿಗೆ ಕಟ್ಟಿರುವುದು, ಇನ್ವರ್ಟರ್‌ನ ಬಾಂಡಿಂಗ್ ರಿಲೇ (ನ್ಯೂಟ್ರಲ್-ಅರ್ಥ್ ಜೋಡಿಸುವ ಸ್ವಿಚ್) ಬಿಡಲು ತಡ ಮಾಡುವುದು. ಎರಡು 30 ಆಂಪ್ ಸಾಕೆಟ್‌ಗಳನ್ನು ಸೇರಿಸುವ ವೈ ಅಡಾಪ್ಟರ್‌ನಲ್ಲಿ ನ್ಯೂಟ್ರಲ್ ಕರೆಂಟ್ ಎರಡೂ ಕಡೆ ಹಂಚಿಹೋಗುವುದರಿಂದ ಪೆಡೆಸ್ಟಲ್ ಬೀಳುವುದು ಸಹಜ.

ಇಂಥ ಕಡೆ ಬ್ರೇಕರ್ ಬೀಳುತ್ತದೆಂದು ಸೋರಿಕೆ ಮಿತಿಯ ಸೆಟ್ಟಿಂಗ್ ಏರಿಸಲೇಬೇಡಿ. ಸಿಹಿನೀರಿಗಿಂತ ಮನುಷ್ಯನ ದೇಹ ಒಳ್ಳೆಯ ವಾಹಕ. ನೀರಿಗೆ ಸೋರಿದ ಕರೆಂಟ್ ಈಜುವವನ ಸ್ನಾಯುಗಳನ್ನು ಹಿಡಿದಿಡಲು ಸುಮಾರು 10 ಮಿಲಿಆಂಪ್ ಸಾಕು, ಅಂದರೆ 30ರ ಬ್ರೇಕರ್ ಇದ್ದರೂ ಮರೀನಾದಲ್ಲಿ ಈಜಬಾರದು. ಸೋರಿಕೆ ಹುಡುಕುವಾಗಲೂ ಯಾರನ್ನೂ ನೀರಿಗೆ ಇಳಿಸಬೇಡಿ.

ಹುಡುಕಲು ಮಿಲಿಆಂಪ್ ಓದುವ, ದಪ್ಪ ಕೇಬಲ್ ಹಿಡಿಯುವ ಕ್ಲ್ಯಾಂಪ್ ಮೀಟರ್ ಬೇಕು. ಇಡೀ ಶೋರ್ ಕಾರ್ಡ್‌ಗೆ (ಪೆಡೆಸ್ಟಲ್‌ನಿಂದ ಬೋಟಿಗೆ ಹೋಗುವ ಕೇಬಲ್) ಹಾಕಿದರೆ ನೀರಿನ ದಾರಿಯಲ್ಲಿ ಹೋಗುವ ಕರೆಂಟ್ ಮಾತ್ರ ಕಾಣುತ್ತದೆ. ಅರ್ಥ್ ವೈರ್‌ನಲ್ಲಿ ವಾಪಸಾಗುವುದು ಕಾಣುವುದಿಲ್ಲ. ಬ್ರೇಕರ್ ನೋಡುವುದನ್ನು ನೋಡಬೇಕಾದರೆ, ತಿಳಿದ ಎಲೆಕ್ಟ್ರಿಷಿಯನ್ ಪೆಡೆಸ್ಟಲ್ ಬಿಚ್ಚಿ ಅರ್ಥ್ ವೈರ್ ಬಿಟ್ಟು ಉಳಿದವಕ್ಕೆ ಹಾಕಬೇಕು. ಬೋಟಿನ ಮೇನ್ ಆಫ್ ಮಾಡಿದ ಮೇಲೂ ಕಾರ್ಡ್‌ನಲ್ಲಿ ಅಂಕಿ ನಿಂತರೆ ತಪ್ಪು ಬಹುಮಟ್ಟಿಗೆ ಆ ಬೋಟಿನದಲ್ಲ; ಬೇರೆ ಬೋಟಿನ ಕರೆಂಟ್ ನೀರಿನ ಮೂಲಕ ಬಂದು ಇದರ ಅರ್ಥ್ ಹಿಡಿದು ದಡ ಸೇರುತ್ತಿದೆ. ಮೀಟರ್ ಅಲ್ಲೇ ಇಟ್ಟು, ಅಕ್ಕಪಕ್ಕದ ಪೆಡೆಸ್ಟಲ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ. ಯಾವುದನ್ನು ಆಫ್ ಮಾಡಿದಾಗ ಅಂಕಿ ಸೊನ್ನೆಗಿಳಿಯಿತೋ, ಸೋರುತ್ತಿರುವುದು ಆ ಬೋಟ್.